ಗೋಡೆಯಿಂದ ಕಳುವಾದ ಬಿರುಕು

“ಬಿರುಕು ಎಲ್ಲಿ ಹೋತು?”

ದಾಕ್ಷಾಯಿಣಿ ಗೋಡೆಯ ಮುಂದೆ ನಿಂತು ಕೇಳಿದರು. ಗೋಡೆ ಬೆಳ್ಳಗೆ, ನುಣ್ಣಗೆ, ತನಗೇನೂ ಗೊತ್ತಿಲ್ಲ ಎಂಬಂತೆ ನಿಂತಿತ್ತು.

“ಹೋದ ರವಿವಾರ ಇಲ್ಲೇ ಇತ್ತರಿ! ಈ ಕಿಟಕಿ ಬಾಜೂಕ. ಮ್ಯಾಲಿಂದ ಕೆಳಗ ಇಷ್ಟುದ್ದ! ಹೌದಲ್ಲಬೇ ಯವ್ವಾ?”

“ಹೌದು ಮತ್ತ. ಹಾವು ಹರದಂಗ ಇತ್ತು,” ಎಂದರು ಅವರ ತಾಯಿ ಪಾರ್ವತವ್ವ. ಬಿರುಕಿದ್ದ ಜಾಗದಲ್ಲಿ ಈಗ ಇದ್ದದ್ದು ಬರೀ ಕರಿ ಇರುವೆಗಳು. ಪಾರ್ವತವ್ವ ಸೆರಗಿನಿಂದ ಕೊಡವಿದರು. ಇರುವೆಗಳು ಚದುರಿ, ಮತ್ತೆ ಸಾಲು ಕಟ್ಟಿದವು.

ಸಿರ್ಸಿಯಲ್ಲಿ ಅಡಿಕೆ ಕಳುವಾಗಿದ್ದನ್ನು ಕೇಳಿದ್ದೇನೆ, ಬೈಕು ಕಳುವಾಗಿದ್ದನ್ನು ಕೇಳಿದ್ದೇನೆ. ಗೋಡೆಯ ಬಿರುಕೇ ಕಳುವಾಗಿದ್ದನ್ನು ಕೇಳಿದ್ದು ಅದೇ ಮೊದಲು.

ನಾನು ಸುಭಾಷ್. ಪೇಟೆಯಲ್ಲಿ ನನ್ನದೊಂದು ಬಣ್ಣದ ಅಂಗಡಿ. ಆ ದಿನ ನಾನು ಅಲ್ಲಿಗೆ ಹೋದದ್ದು ಮಾತ್ರ ಏಣಿ ಹೊರಲು. ನನ್ನ ಹೆಂಡತಿ ನೇತ್ರಾ ಸಿವಿಲ್ ಎಂಜಿನಿಯರ್. ಮನೆ ಕೊಳ್ಳುವವರು ಕರೆದರೆ ಹೋಗಿ, ಆ ಮನೆಯನ್ನು ತಳಪಾಯದಿಂದ ಹಂಚಿನವರೆಗೆ ಪರೀಕ್ಷಿಸಿ, ಎಲ್ಲಿ ಸೋರುತ್ತದೆ, ಎಲ್ಲಿ ಗೆದ್ದಲು ಹಿಡಿದಿದೆ, ಎಲ್ಲಿ ಅಪಾಯವಿದೆ ಎಂದು ವರದಿ ಕೊಡುವುದು ಅವಳ ಕೆಲಸ. ನಮ್ಮ ಕಡೆಗೆ ಇದು ಹೊಸ ಉದ್ಯೋಗ. “ಮನೆಗೂ ಡಾಕ್ಟರಾ?” ಎಂದು ನಕ್ಕವರೇ ಹೆಚ್ಚು. ಎಮ್ಮೆ ಕೊಳ್ಳುವಾಗ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಎರಡು ಹೊತ್ತು ಹಾಲು ಕರೆದು ನೋಡುವ ಜನ, ಜೀವಮಾನದ ಗಳಿಕೆ ಸುರಿದು ಮನೆ ಕೊಳ್ಳುವಾಗ ಮಾತ್ರ ಗೋಡೆಯ ಬಣ್ಣ ನೋಡಿ ತಲೆಯಾಡಿಸಿಬಿಡುತ್ತಾರೆ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಣ್ಣ ಮಾರುವವನು ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ.

ದಾಕ್ಷಾಯಿಣಿ ಹಾಗೆ ತಲೆಯಾಡಿಸುವವರಲ್ಲ. ಬನವಾಸಿ ಕಡೆಯವರು, ಸಿರ್ಸಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ತಾಯಿಯನ್ನು ಕಟ್ಟಿಕೊಂಡು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದು ಅವರಿಗೆ ಸಾಕುಸಾಕಾಗಿತ್ತು. ಅಲೆದಾಟಕ್ಕೆ ಕಾರಣ ರೊಟ್ಟಿ! ಪಾರ್ವತವ್ವ ನಸುಕಿನಲ್ಲೇ ರೊಟ್ಟಿ ಬಡಿಯಲು ಕೂರುತ್ತಾರೆ. ಆ ಧಪಧಪ ಸದ್ದಿಗೆ ಕೆಳಗಿನ ಮನೆಯಲ್ಲಿ ಮಲಗಿದ ಮಾಲೀಕರು ಎದ್ದು ಕೂರುತ್ತಾರೆ. ಆಮೇಲೆ “ಬೇರೆ ಕಡೆ ನೋಡ್ಕೊಳ್ಳಿ” ಎಂಬ ಮಾತು ಬರಲು ತಡವಿಲ್ಲ. ಯಾರ ಹಂಗೂ ಇಲ್ಲದೆ ರೊಟ್ಟಿ ಬಡಿಯಲು ಒಂದು ಸ್ವಂತ ಮನೆ ಬೇಕು. ತಾಯಿಯ ಆಸೆ ಅಷ್ಟೇ, ಮಗಳ ಹಟವೂ ಅಷ್ಟೇ.

ಬನವಾಸಿ ರಸ್ತೆಯ ಪಕ್ಕದ ಈ ಹಂಚಿನ ಮನೆ ಇಬ್ಬರ ಮನಸ್ಸಿಗೂ ಬಂದಿತ್ತು. ಆದರೆ ಮುಂಗೋಣೆಯ ಗೋಡೆಯಲ್ಲಿ ಬಿರುಕು ಕಂಡಿತು. ದಲ್ಲಾಳಿ ಶಂಕ್ರಪ್ಪ, “ನಮ್ಮ ಪೈಕಿ ಒಬ್ಬ ಎಂಜಿನಿಯರ್ ಅದಾನ್ರಿ, ಪುಕ್ಕಟೆ ನೋಡ್ತಾನ,” ಎಂದ. ದಾಕ್ಷಾಯಿಣಿ ಒಪ್ಪದೆ ನೇತ್ರಾಳಿಗೆ ಫೋನ್ ಮಾಡಿದರು. ಮಾರುವವರ ಕಡೆಯವನು ಹೊಗಳಿದ ಮನೆ, ಮದುವೆ ದಲ್ಲಾಳಿ ಹೊಗಳಿದ ವರ, ಎರಡನ್ನೂ ಇನ್ನೊಂದು ಸಲ ನೋಡಬೇಕು ಎಂಬುದು ನೇತ್ರಾಳ ಮಾತು. ಮೊದಲನೆಯದು ಅವಳ ಉದ್ಯೋಗ. ಎರಡನೆಯದನ್ನು ನನ್ನ ಮುಖ ನೋಡಿಕೊಂಡೇ ಹೇಳುತ್ತಾಳೆ.

ಸಮಯವೂ ಇರಲಿಲ್ಲ. ಮಂಚಿಕೇರಿಯ ಗಿರಾಕಿಯೊಬ್ಬ ಮುಂಗಡ ಹಿಡಿದುಕೊಂಡು ಕೂತಿದ್ದ. ಅವನಿಗೆ ಬೇಕಾದದ್ದು ಜಾಗ. ಬಿರುಕು ಗಿರುಕು ಕೇಳುವವನಲ್ಲ, ಮನೆ ಕೆಡವಿ ಮಳಿಗೆ ಕಟ್ಟುವವನು. ಈ ಸಂಜೆಯೊಳಗೆ ದಾಕ್ಷಾಯಿಣಿ ಹೂಂ ಅಥವಾ ಊಹೂಂ ಅನ್ನಬೇಕಿತ್ತು.

“ಬಿರುಕು ಇದ್ದಾಗ ಇಷ್ಟು ಹೆದರಿಕಿ ಇರಲಿಲ್ಲರಿ,” ಎಂದರು ದಾಕ್ಷಾಯಿಣಿ. “ಮುಚ್ಚಿ ಮಾರಾಕತ್ಯಾರ ಅಂದಮ್ಯಾಲ ಒಳಗ ಇನ್ನೂ ಏನೇನ್ ಮುಚ್ಚಿಟ್ಟಾರೋ!”

“ಮುಚ್ಚಿದ್ದಾರೆ ಅಂತ ಈಗಲೇ ಹೇಳೋದು ಬೇಡ,” ಎಂದಳು ನೇತ್ರಾ. “ಮೊದಲು ನೋಡೋಣ.”

ಆದರೆ ನನಗೆ ಆಗಲೇ ಎಲ್ಲ ಗೊತ್ತಾಗಿಬಿಟ್ಟಿತ್ತು! ನನ್ನ ವ್ಯಾಪಾರವೇ ಅದಲ್ಲವೆ?

“ಪುಟ್ಟಿ!” ಎಂದೆ. “ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಒಂದು ಕೈ ಬಣ್ಣ. ಒಂದೇ ದಿನದ ಕೆಲಸ.”

ನೇತ್ರಾ ನನ್ನ ಕಡೆ ನೋಡದೆಯೇ ಬೆರಳ ಗಣ್ಣಿನಿಂದ ಗೋಡೆ ತಟ್ಟುತ್ತ ಹೋದಳು. ಎಲ್ಲ ಕಡೆ ಒಂದೇ ಸದ್ದು, ಎಲ್ಲೂ ಪೊಳ್ಳಿಲ್ಲ. ತೇವ ಅಳೆಯುವ ಯಂತ್ರ ಒತ್ತಿ ಹಿಡಿದಳು. ಒಣಗಿದೆ ಎಂದಿತು. ಕೊನೆಗೆ ದಾಕ್ಷಾಯಿಣಿಯವರ ಮೊಬೈಲು ಇಸಿದುಕೊಂಡಳು. ಹೋದ ವಾರ ಅವರು ಹೊಡೆದುಕೊಂಡಿದ್ದ ಫೋಟೊ ಅದರಲ್ಲಿತ್ತು. ಬೆಳ್ಳನೆ ಗೋಡೆಯ ಮೇಲೆ ಕರ್ರಗೆ, ಸಣ್ಣಗೆ, ಅಂಕುಡೊಂಕಾಗಿ ಇಳಿದ ಬಿರುಕು.

“ಇಲ್ಲಿ ನೋಡಿ. ಫೋಟೊದಲ್ಲಿ ಬಿರುಕು ಈ ಹಳೇ ಕ್ಯಾಲೆಂಡರಿನ ಕಲೆಯ ಮೇಲೇ ಹಾದು ಹೋಗಿದೆ. ಆ ಕಲೆ ಇನ್ನೂ ಹಾಗೇ ಇದೆ. ಹೊಸ ಬಣ್ಣ ಹೊಡೆದಿದ್ರೆ ಅದು ಉಳೀತಿತ್ತಾ?”

ಉಳಿಯುತ್ತಿರಲಿಲ್ಲ. ಬಣ್ಣದ ಅಂಗಡಿಯವನು ಬಾಯಿ ಮುಚ್ಚಿಕೊಂಡ.

ಹೊರಗೆ ಹೋಗಿ ಗೋಡೆಯ ಹಿಂಬದಿ ನೋಡಿದೆವು. ಗಾರೆ ಕಾಣದ ದಪ್ಪ ಕೆಂಪುಕಲ್ಲಿನ ಗೋಡೆ. ಕಲ್ಲು ಕಲ್ಲಿನ ಸಂದಿ ಎಲ್ಲ ಭದ್ರವಾಗಿತ್ತು. ಏಣಿ ಊರಲು ಅಡ್ಡವಾಗಿದ್ದ ದಾಸವಾಳದ ಕುಂಡವನ್ನು ಸರಿಸಲು ಕೈ ಹಾಕಿದೆ.

“ಕುಂಡ ಮುಟ್ಟಬೇಡಿ!” ಎಂದಳು ನೇತ್ರಾ.

“ಎಂತಕ್ಕೆ ಮಾರಾಯ್ತಿ?”

“ಆಮೇಲೆ ಹೇಳ್ತೆ. ಏಣಿ ಆ ಕಡೆ ಇಡಿ.”

ಇಟ್ಟೆ. ಅವಳು ಕುಂಡದ ಫೋಟೊ ತೆಗೆದುಕೊಂಡಳು. ಬಿರುಕು ಹುಡುಕಲು ಬಂದವಳು ದಾಸವಾಳದ ಫೋಟೊ ಯಾಕೆ ತೆಗೆಯುತ್ತಾಳೆ ಎಂದು ನನಗೆ ತಿಳಿಯಲಿಲ್ಲ.

ಮತ್ತೆ ಒಳಗೆ ಬಂದಾಗ ಮನೆಯ ಮಾಲೀಕ ಉಲ್ಲಾಸ ಬೈಕು ನಿಲ್ಲಿಸಿ ಬಂದ. ಮೂಲ ಬಿಳಗಿ ಕಡೆಯವನು, ಈಗ ಯಲ್ಲಾಪುರದಲ್ಲಿ ಗ್ಯಾರೇಜು ಇಟ್ಟಿದ್ದಾನೆ. ನೇತ್ರಾ ಅವನಿಂದಲೇ ಶುರು ಮಾಡಿದಳು.

“ಬಿರುಕು ರಿಪೇರಿ ಮಾಡಿಸಿದ್ರಾ?”

“ಎಂತಾ ರಿಪೇರಿ ಮಾರಾಯ್ರೆ? ನಾನು ಆ ಬಿರುಕು ನೋಡೇ ಇಲ್ಲ! ಈ ಶಂಕ್ರಪ್ಪ ಫೋನಿನಲ್ಲಿ ಬಿರುಕು ಬಿರುಕು ಅಂದ. ಎರಡು ಗಿರಾಕಿ ಓಡಿಹೋದ್ರು. ರೇಟ್ ಇಳಿಸಬೇಕಾಯ್ತು. ನನ್ನ ಅಪ್ಪ ನಿಂತು ಕಟ್ಟಿಸಿದ ಗೋಡೆ ಅದು.”

“ಇವತ್ತು ನಾವು ಬರೋದು ಗೊತ್ತಿತ್ತಾ?”

“ಗೊತ್ತಿತ್ತು. ಅದಕ್ಕೇ ಬಂದೆ. ನಂಗೆ ಈ ದಲ್ಲಾಳಿ ಮೇಲೇ ಅನುಮಾನ. ರೇಟ್ ಇಳಿಸೋಕೆ ಇಲ್ಲದ ಕಥೆ ಕಟ್ಟಿದಾನೆ!”

“ನಾನೇನ್ ಮುಟ್ಟಿಲ್ಲರಿ! ನನಗೇನ್ ಗೊತ್ತಿಲ್ಲರಿ!” ಎಂದು ಬಾಗಿಲ ಬಳಿ ನಿಂತಿದ್ದ ಶಂಕ್ರಪ್ಪ, ಯಾರೂ ಕೇಳುವ ಮೊದಲೇ ಕೂಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಇವನೇ ಎಂದುಕೊಂಡೆ ನಾನು.

“ನೀವು ಬಿರುಕನ್ನ ಮೊದಲು ನೋಡಿದ್ದು ಯಾವಾಗ?” ಎಂದು ಕೇಳಿದಳು ನೇತ್ರಾ.

“ಮೊದಲನೇ ಗಿರಾಕಿ ಕರ್ಕೊಂಡ್ ಬಂದಾಗ್ರಿ. ಅದಕ್ಕೂ ಮೊದಲ ಇರಲಿಲ್ಲ. ಮನಿ ಮಾರಾಕ ಐತಿ ಅಂತ ಬೋರ್ಡ್ ಹಾಕಿದ ಮ್ಯಾಲ ಬಂತು.”

“ಮುಟ್ಟಿ ನೋಡಿದ್ರಾ?”

“ಬಿರುಕು ಯಾರ್ ಮುಟ್ತಾರ್ರಿ? ದೂರದಿಂದ ತೋರಸೂದೂ ಬ್ಯಾಡಾಗಿತ್ತು ನನಗ!”

ಇನ್ನು ಉಳಿದವಳು ರೋಹಿಣಿ. ಆ ಮುಂಗೋಣೆಯ ಬಾಡಿಗೆದಾರಳು. ಸಿದ್ದಾಪುರದ ಕಡೆಯ ಹುಡುಗಿ. ನಗುಮುಖ, ಚುರುಕು ಕೈ. ನಮ್ಮ ಕಡೆ ಮದುವೆ ಮನೆಯ ಗೋಡೆಗೆ ಬಿಡಿಸುವ ಹಸೆ ಚಿತ್ತಾರವನ್ನು ಆ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದಳು. ಗೆರೆ ಸ್ವಲ್ಪ ಓರೆಯಾದರೂ ಅಳಿಸಿ ಮತ್ತೆ ಬರೆಸುತ್ತಾಳೆ ಎಂದು ಪೇಟೆಯಲ್ಲೆಲ್ಲ ಹೆಸರು. ಮೂಲೆಯಲ್ಲಿ ತೆಂಗಿನ ಚಿಪ್ಪುಗಳ ಸಾಲು: ಒಂದರಲ್ಲಿ ಅಕ್ಕಿ ಹಿಟ್ಟಿನ ಬಿಳಿ, ಇನ್ನೊಂದರಲ್ಲಿ ಕೆಮ್ಮಣ್ಣು, ಮತ್ತೊಂದರಲ್ಲಿ ಹುರಿದು ಕರಕಲಾಗಿಸಿದ ಅಕ್ಕಿಯ ಕಪ್ಪು. ಪಕ್ಕದಲ್ಲಿ ಪುಂಡಿ ನಾರಿನ ಕುಂಚಗಳು. ಗೋಡೆಗೆ ಒರಗಿಸಿಟ್ಟ ಹಲಗೆಗಳ ಮೇಲೆ ಗೆರೆಗೆ ಗೆರೆ ಸೇರಿ ಎಷ್ಟು ಅಚ್ಚುಕಟ್ಟಾದ ಚಿತ್ರಗಳು! ನಾನು ಬಾಯಿಬಿಟ್ಟು ನೋಡಿದೆ.

ರೋಹಿಣಿ ಎಲ್ಲರಿಗೂ ಕಷಾಯ ತಂದುಕೊಟ್ಟಳು. ನೇತ್ರಾ ಲೋಟ ಹಿಡಿದುಕೊಂಡೇ ಕೇಳಿದಳು.

“ರೋಹಿಣಿ, ಗೋಡೆ ಹತ್ತಿರದ ಸಾಮಾನು ಸರಿಸಿಡಿ, ಯಂತ್ರ ಇಟ್ಟು ನೋಡ್ಬೇಕು ಅಂತ ನಿನ್ನೆ ನಾನು ಫೋನ್ ಮಾಡಿದ್ದೆ ಅಲ್ದಾ?”

“ಹೌದಕ್ಕ. ಸರಿಸಿದೀನಿ.”

“ಬಿರುಕಿನ ವಿಷಯ ಎಂತ ಗೊತ್ತು?”

“ಬಿರುಕಾ? ನಾನು ನೋಡ್ಲೇ ಇಲ್ಲ ಅಕ್ಕ. ಈ ಕೆಲಸದಲ್ಲಿ ಗೋಡೆ ಗೀಡೆ ಕಡೆ ಗಮನ ಇರೋದಿಲ್ಲ.”

“ಮನೆ ಮಾರಿಹೋದ್ರೆ ಕ್ಲಾಸು ಎಲ್ಲಿ ಮಾಡ್ತೀರಿ?”

ರೋಹಿಣಿ ಕಷಾಯದ ಲೋಟಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು. “ನೋಡ್ಬೇಕು,” ಎಂದಳು.

ನೇತ್ರಾ ಮತ್ತೇನೂ ಕೇಳಲಿಲ್ಲ. “ನಾನು ಉಳಿದ ಮನೆ ನೋಡಿ ಬರ್ತೇನೆ. ದಾಕ್ಷಾಯಿಣಿ ಮೇಡಂ, ನೀವೂ ಬನ್ನಿ. ಕೊಳ್ಳೋರು ಜೊತೆಗಿದ್ದು ನೋಡಬೇಕು. ಬರೀ ವರದಿ ಓದಿದ್ರೆ ಅರ್ಧ ಮಾತ್ರ ಅರ್ಥ ಆಗೋದು.”

ಅವಳ ಕೆಲಸ ನೋಡುವುದೇ ಒಂದು ಚಂದ. ಹಂಚಿನ ಕೆಳಗೆ ಹತ್ತಿ, ಹಂಚು ಹೊತ್ತ ಮರದ ಪಕಾಸುಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದಳು. ಒಂದು ಪಕಾಸು ಹಿಟ್ಟಿನಂತೆ ಉದುರಿತು. ನಲ್ಲಿಗಳನ್ನೆಲ್ಲ ಒಟ್ಟಿಗೇ ಬಿಟ್ಟಳು. ಬಚ್ಚಲಿನಲ್ಲಿ ಬಕೆಟ್ಟು ನೀರು ಸುರಿದು ಯಾವ ಕಡೆ ಹರಿಯುತ್ತದೆ ಎಂದು ಕೂತು ನೋಡಿದಳು. ಬಾವಿಗೂ ಪಾಯಿಖಾನೆ ಗುಂಡಿಗೂ ಎಷ್ಟು ದೂರ ಎಂದು ಟೇಪು ಹಿಡಿಸಿದಳು.

“ಮನಿ ಪಾಸೋ ಫೇಲೋ ಅಷ್ಟ ಹೇಳಿಬಿಡ್ರಿ,” ಎಂದರು ದಾಕ್ಷಾಯಿಣಿ.

“ಮನೆಗೆ ಪಾಸು ಫೇಲು ಇರೋದಿಲ್ಲ ಮೇಡಂ. ನಿಮ್ಮ ಆಸ್ಪತ್ರೆಗೆ ಬಂದೋರಿಗೂ ಹಾಗೆ ಹೇಳ್ತೀರಾ? ಎಂತ ಕಾಯಿಲೆ, ತಡ್ಕೊಳ್ಳೋದಾ, ಕೂಡಲೇ ನೋಡ್ಬೇಕಾದದ್ದಾ, ಅದನ್ನ ಹೇಳ್ತೀನಿ. ಆಮೇಲೆ ನಿರ್ಧಾರ ನಿಮ್ಮದು.”

ಕೊನೆಗೆ ಎಲ್ಲರೂ ಮುಂಗೋಣೆಗೆ ಬಂದೆವು. ಹೊರಗೆ ಬಿಸಿಲು ಇಳಿಯುತ್ತಿತ್ತು. ಶಂಕ್ರಪ್ಪ ಗಡಿಯಾರ ನೋಡಿಕೊಂಡ. “ಮಂಚಿಕೇರಿಯವರು ಫೋನ್ ಮ್ಯಾಲ ಫೋನ್ ಮಾಡಾಕತ್ಯಾರ್ರಿ. ಹೂಂ ಅಂತೀರೋ, ಬ್ಯಾಡೋ?”

“ಹೇಳ್ತಾರೆ. ಮೊದಲು ಕಳ್ಳತನದ ಲೆಕ್ಕ ಮುಗೀಲಿ,” ಎಂದು ನೇತ್ರಾ ಗೋಡೆಯ ಪಕ್ಕ ನಿಂತಳು. “ಬಿರುಕು ಮಾಯ ಆಯ್ತು ಅಂದ ಕೂಡಲೇ ನಾವೆಲ್ಲ ಒಂದೇ ಪ್ರಶ್ನೆ ಕೇಳಿದ್ವಿ: ಮುಚ್ಚಿದವರು ಯಾರು? ಮುಚ್ಚಿದ್ರೆ ಲಾಭ ಮಾರುವವರಿಗೆ, ದಲ್ಲಾಳಿಗೆ. ಆದರೆ ಮುಚ್ಚಿದ ಗುರುತೇ ಇಲ್ಲ. ಪುಟ್ಟಿ ಇಲ್ಲ, ಹೊಸ ಬಣ್ಣ ಇಲ್ಲ. ಗೋಡೆಯ ಹಿಂದೂ ಎಂತ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ.”

“ಯಾವುದು?” ಎಂದೆ.

“ಬಿರುಕು ಇತ್ತಾ?”

“ಅಯ್ಯ! ನಾವಿಬ್ರೂ ನೋಡೀವಲ್ಲರಿ! ಫೋಟೊ ಐತಲ್ಲರಿ!” ದಾಕ್ಷಾಯಿಣಿಯವರಿಗೆ ಸಿಟ್ಟೇ ಬಂತು.

“ನೀವು ನೋಡಿದ್ದು ಸುಳ್ಳಲ್ಲ. ಈ ಫೋಟೊನೇ ಮತ್ತೊಂದು ಸಲ ನೋಡಿ. ಗೋಡೆ ಸೀಳಿದ್ರೆ ಒಂದು ಕಡೆ ಅಗಲ, ಒಂದು ಕಡೆ ಸಣ್ಣ. ಅಂಚು ಹರಕು ಮುರುಕು. ಕಿಟಕಿ ಪಕ್ಕದ್ದಾದ್ರೆ ಸಾಮಾನ್ಯವಾಗಿ ಕಿಟಕಿಯ ಮೂಲೆಯಿಂದಲೇ ಹೊರಡ್ತದೆ. ಇದು ಮೂಲೆ ಬಿಟ್ಟು ನಡು ಗೋಡೆಯಲ್ಲಿ ಹುಟ್ಟಿದೆ. ದಪ್ಪ ಮೇಲಿಂದ ಕೆಳಗಿನವರೆಗೆ ಒಂದೇ ಸಮ, ನೂಲು ಅಂಟಿಸಿದ ಹಾಗೆ. ಇಷ್ಟು ಚಂದದ ಬಿರುಕು ನಾನು ನನ್ನ ಕೆಲಸದಲ್ಲೇ ನೋಡಿಲ್ಲ.”

ನೇತ್ರಾ ಪಾರ್ವತವ್ವನ ಕಡೆ ತಿರುಗಿದಳು.

“ಪಾರ್ವತಮ್ಮ, ಒಂದು ಮಾತು ಕೇಳ್ತೇನೆ. ಅಡಿಗೆ ಮನೇಲಿ ಜೋನಿಬೆಲ್ಲ ಚೆಲ್ಲಿದ್ರೆ ಒಂದು ಸಲ ಒರೆಸಿದ್ರೆ ಹೋಗ್ತದಾ?”

“ಎಲ್ಲಿ ಹೋಗತೈತಿ ತಂಗಿ? ಕಣ್ಣಿಗೆ ಕಾಣೂದಿಲ್ಲ ಅಷ್ಟ. ಮೂರ್ ಸಲ ಒರಸಿದ್ರೂ ಇರಬಿ ಹುಡಿಕ್ಕೊಂಡ್ ಬರ್ತಾವ.”

“ಹಾಗಾದ್ರೆ ಇಲ್ಲಿ ನೋಡಿ.”

ನೇತ್ರಾ ಮೊಬೈಲನ್ನು ಗೋಡೆಯ ಪಕ್ಕಕ್ಕೆ ಹಿಡಿದಳು. ಫೋಟೊದಲ್ಲಿ ಬಿರುಕು ಬಲಕ್ಕೆ ತಿರುಗಿದಲ್ಲಿ ಇರುವೆ ಸಾಲೂ ಬಲಕ್ಕೆ ತಿರುಗಿತ್ತು. ಬಿರುಕು ಎಡಕ್ಕೆ ಕುಂಟಿದಲ್ಲಿ ಇರುವೆಗಳೂ ಎಡಕ್ಕೆ. ಬಿರುಕು ಮುಗಿದಲ್ಲಿ ಸಾಲೂ ಮುಗಿದು, ಇರುವೆಗಳು ಮೀಸೆ ತಿರುವಿ ವಾಪಸು ಹೊರಟಿದ್ದವು. ಬೆಳಗಿನಿಂದ ನಮ್ಮ ಮೂಗಿನ ಮುಂದೆಯೇ ಬಿರುಕಿನ ಮೇಲೆ ನಡೆದಾಡಿದ್ದವು! ನಾವು ಮಾತ್ರ ಬಿರುಕು ಎಲ್ಲಿ ಎಂದು ಊರೆಲ್ಲ ಹುಡುಕುತ್ತಿದ್ದೆವು.

“ಅದು ಬಿರುಕಲ್ಲ, ಗೆರೆ,” ಎಂದಳು ನೇತ್ರಾ. “ಹುರಿದ ಅಕ್ಕಿಯ ಕಪ್ಪಿನಲ್ಲಿ ಎಳೆದದ್ದು. ಈ ಬಣ್ಣ ಮಣ್ಣಿನ ಗೋಡೆಗೆ ಹಿಡೀತದೆ. ಇಂಥ ನುಣುಪು ಪೇಂಟಿಗೆ ಹಿಡಿಯೋದಿಲ್ಲ. ಹಿಡೀಲಿ ಅಂತ ಬೆಲ್ಲ ಬೆರೆಸಿದ್ದು. ನಿನ್ನೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕಪ್ಪು ಹೋಯ್ತು, ಬೆಲ್ಲ ಉಳೀತು. ಕೂದಲೆಳೆಯಷ್ಟು ಓರೆಯಾದ ಗೆರೆಯನ್ನೂ ಅಳಿಸಿ ಮತ್ತೆ ಬರೆಸುವ ಟೀಚರಮ್ಮ, ಕಣ್ಣೆದುರಿನ ಇಷ್ಟುದ್ದದ ಬಿರುಕನ್ನ ನೋಡ್ಲೇ ಇಲ್ಲ ಅಂದ್ರಲ್ಲ... ರೋಹಿಣಿ?”

ರೋಹಿಣಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡೆವು. ಅಳುತ್ತಲೇ ಇದ್ದಳು, ನಡುವೆ ಒಂದು ನಗುವೂ ನುಗ್ಗಿ ಬಂತು.

“ಒಂದು ತುದಿ ದಪ್ಪ ಮಾಡಬೇಕು ಅಂತ ಗೊತ್ತಿತ್ತಕ್ಕ. ಎರಡು ಸಲ ಪ್ರಯತ್ನ ಮಾಡಿದೆ. ಕೈ ಕೇಳಲಿಲ್ಲ! ಅಜ್ಜಿ ಕಲಿಸಿದ ಕೈ, ದಪ್ಪ ಸಣ್ಣ ಆಗೋ ಗೆರೆ ಎಳೆಯೋಕೆ ಬರೋದೇ ಇಲ್ಲ.”

“ಅಲ್ಲಾ, ಎಂತಕ್ಕೆ ಮಾಡಿದ್ಯೇ ಇದನ್ನ?” ಉಲ್ಲಾಸ ಎದ್ದು ನಿಂತಿದ್ದ. “ನನ್ನ ಎರಡು ಗಿರಾಕಿ ಓಡಿಸಿದ್ಯಲ್ಲೆ!”

“ಗೋಡೆಗೆ ಬಣ್ಣ ಸಿಡೀತದೆ ಅಂತ ಯಾರೂ ಕೋಣೆ ಕೊಡೋದಿಲ್ಲ ಉಲ್ಲಾಸಣ್ಣ. ಎಷ್ಟು ಮನೆ ಬಾಗಿಲು ತಟ್ಟಿ ಬಂದಿದೀನಿ. ಬೋರ್ಡ್ ನೋಡಿದ ದಿನ ನಿದ್ದೆ ಬರಲಿಲ್ಲ. ಸ್ವಲ್ಪ ದಿನ ಮಾರಿಹೋಗದೆ ಉಳಿದ್ರೆ ಸಾಕು, ಅಷ್ಟರಲ್ಲಿ ಬೇರೆ ಕೋಣೆ ಸಿಗಬಹುದು ಅಂದ್ಕೊಂಡೆ. ಆಮೇಲೆ ಯಂತ್ರ ತರ್ತಾರೆ ಅಂದ್ರಲ್ಲ, ಹೆದರಿ ಒರೆಸಿಬಿಟ್ಟೆ. ತಪ್ಪಾಯ್ತು.”

ಶಂಕ್ರಪ್ಪ ಜೋರಾಗಿ ಉಸಿರು ಬಿಟ್ಟ. “ಅಂದ್ರ ಮನಿ ಗಟ್ಟಿ ಐತಿ! ಮೇಡಂರ, ಹೂಂ ಅಂದ್ಬಿಡ್ರಿ ಇನ್ನ!”

“ತಡೀರಿ,” ಎಂದಳು ನೇತ್ರಾ. “ಇಷ್ಟು ಹೊತ್ತು ಇಲ್ಲದ ಬಿರುಕಿಗೆ ಹೆದರಿದ್ವಿ. ಹೆದರಬೇಕಾದದ್ದು ಹೊರಗೆ ಹೂವು ಬಿಟ್ಟುಕೊಂಡು ನಿಂತಿದೆ.”

ಎಲ್ಲರನ್ನೂ ದಾಸವಾಳದ ಕುಂಡದ ಹತ್ತಿರ ಕರೆದೊಯ್ದಳು. ಗೋಡೆಯಿಂದ ಇಳಿದುಬಂದ ತಂತಿಯೊಂದು ನೇರ ಕುಂಡದ ಮಣ್ಣಿನೊಳಗೆ ಇಳಿದಿತ್ತು.

“ಇದು ಅರ್ಥಿಂಗ್ ತಂತಿ. ಬಚ್ಚಲಿನ ಗೀಸರ್ ಕೆಟ್ಟು ಕರೆಂಟ್ ಸೋರಿದ್ರೆ ಭೂಮಿಗೆ ಇಳಿಸಬೇಕಾದದ್ದು. ಅಂಗಳಕ್ಕೆ ಕಲ್ಲು ಹಾಸುವಾಗ ಯಾರೋ ಕಿತ್ತು, ಕುಂಡಕ್ಕೆ ಸಿಕ್ಕಿಸಿ ಹೋಗಿದ್ದಾರೆ. ಈಗ ಕರೆಂಟ್ ಸೋರಿದ್ರೆ ಅದು ಇಳಿಯೋದು ಸ್ನಾನಕ್ಕೆ ನಿಂತವರ ಮೈ ಮೇಲೆ.”

ಉಲ್ಲಾಸನ ಮುಖ ಬಿಳುಚಿತು. “ನನ್ನಾಣೆ ಗೊತ್ತಿರಲಿಲ್ಲ. ಅಪ್ಪ ಅದೇ ಬಚ್ಚಲಲ್ಲೇ ಸ್ನಾನ ಮಾಡ್ತಿದ್ದ ಮಾರಾಯ್ರೆ.” ಬಗ್ಗಿ ಆ ತಂತಿಯನ್ನೇ ನೋಡಿದ. ಆಮೇಲೆ, “ನಾಳೆನೇ ಹೊಸದಾಗಿ ಗುಂಡಿ ತೋಡಿಸಿ ಸರಿ ಮಾಡಿಸ್ತೆ. ಆ ಪಕಾಸೂ ಬದಲಾಯಿಸ್ತೆ,” ಎಂದ.

“ಅವೆರಡು ಆದ ಮೇಲೆ ನಾನು ಮತ್ತೆ ಬಂದು ನೋಡ್ತೇನೆ. ಆಮೇಲೆ ರಿಜಿಸ್ಟ್ರಿ,” ಎಂದಳು ನೇತ್ರಾ. “ಉಳಿದಂತೆ ಗೋಡೆ, ತಳಪಾಯ, ಬಾವಿ ಎಲ್ಲ ಚೆನ್ನಾಗಿದೆ. ಮೇಡಂ, ಇನ್ನು ನಿಮಗೆ ಬಿಟ್ಟಿದ್ದು.”

ದಾಕ್ಷಾಯಿಣಿ ತಾಯಿಯ ಮುಖ ನೋಡಿದರು. ಪಾರ್ವತವ್ವ ಮಾತ್ರ ರೋಹಿಣಿಯನ್ನೇ ನೋಡುತ್ತಿದ್ದರು. ಹುಡುಗಿ ಬಾಗಿಲ ಬಳಿ ತನ್ನ ಚಿಪ್ಪುಗಳನ್ನು ಒಂದು ಬುಟ್ಟಿಗೆ ತುಂಬಿಕೊಳ್ಳುತ್ತಿದ್ದಳು.

“ಏ ಹುಡುಗಿ, ಬಾ ಇಲ್ಲೆ.”

ಬಂದಳು.

“ನಮ್ಮ ನಿದ್ದಿ ಕೆಡಸಿದಿ. ಒಂದ್ ವಾರ ನನ್ನ ಮಗಳು ಕಣ್ಣ್ ಮುಚ್ಚಿಲ್ಲ. ಗೊತ್ತೈತಿಲ್ಲೋ?”

“ತಪ್ಪಾಯ್ತು ಅಮ್ಮ.”

“ಬಾಡಿಗಿ ಮನಿ ಬಿಡೂ ಸಂಕಟ ನನಗೂ ಗೊತ್ತೈತಿ. ಮುಂಗೋಣಿ ನಮಗ ಬೇಕಾಗಿಲ್ಲ. ಆದ್ರ ಒಂದ್ ಕರಾರು.” ಪಾರ್ವತವ್ವ ಬೆರಳೆತ್ತಿದರು. ಬಾಡಿಗೆ ಮನೆಗಳ ಮಾಲೀಕರೆಲ್ಲ ಇಷ್ಟು ವರ್ಷ ಅವರತ್ತ ಎತ್ತಿದ್ದ ಬೆರಳು ಅದು. “ನಾ ನಸುಕಿನ್ಯಾಗ ರೊಟ್ಟಿ ಬಡೀತೀನಿ. ಸಪ್ಪಳಾತು ಅಂತ ತಕರಾರು ಮಾಡಂಗಿಲ್ಲ!”

“ಬಡೀರಿ ಅಮ್ಮಾ, ಎಷ್ಟು ಬೇಕಾದ್ರೂ ಬಡೀರಿ!” ರೋಹಿಣಿ ಅವರ ಕಾಲು ಹಿಡಿದುಬಿಟ್ಟಳು. ದಾಕ್ಷಾಯಿಣಿ ಕಣ್ಣೊರೆಸಿಕೊಂಡು ಶಂಕ್ರಪ್ಪನ ಕಡೆ ತಿರುಗಿ, “ಹೂಂ ಅಂತ ಹೇಳ್ರಿ,” ಎಂದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಕಟ್ಟಿದ ಮನೆ ಕೊಳ್ಳುವವರ ಮುಖವನ್ನೂ ಒಮ್ಮೆ ನೋಡಬೇಕು ಎನ್ನುತ್ತೇನೆ ನಾನು.

ಅರ್ಥಿಂಗ್ ತಂತಿ ಭೂಮಿ ಸೇರಿತು, ಪಕಾಸು ಬದಲಾಯಿತು, ರಿಜಿಸ್ಟ್ರಿಯೂ ಆಯಿತು. ಗೃಹಪ್ರವೇಶಕ್ಕೆ ಏಣಿಯಿಲ್ಲದೆ ಹೋದೆವು. ಬೆಳಗ್ಗೆಯೇ ಅಡಿಗೆ ಮನೆಯಿಂದ ಧಪಧಪ ಸದ್ದು ಬರುತ್ತಿತ್ತು. ಆ ಸದ್ದು ಕೇಳಿ ಇಷ್ಟು ಸಂತೋಷವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮುಂಗೋಣೆಯ ಆ ಗೋಡೆಗೆ ರೋಹಿಣಿ ಕೆಮ್ಮಣ್ಣು ಬಳಿದು ದೊಡ್ಡದೊಂದು ಚಿತ್ತಾರ ಬಿಡಿಸಿದ್ದಳು. ಒಂದೂ ಗೆರೆ ಸೊಟ್ಟ ಇರಲಿಲ್ಲ. ಅದರ ಪಕ್ಕದಲ್ಲಿ ಮೇಲಿಂದ ಕೆಳಗೆ, ಬಲಕ್ಕೊಮ್ಮೆ ತಿರುಗಿ, ಎಡಕ್ಕೊಮ್ಮೆ ಕುಂಟಿ, ಕರಿ ಇರುವೆಗಳ ಸಾಲೊಂದು ಇಳಿಯುತ್ತಿತ್ತು.

“ಮತ್ತ ಬಂದ್ವು ನೋಡ್ರಿ ಇವು!” ಎಂದು ಪಾರ್ವತವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಸೆರಗಿನಿಂದ ಕೊಡವಿದರು.

ಒಂದು ಇರುವೆಯೂ ಅಲುಗಲಿಲ್ಲ.